ಅಲಮಾರಿಗೆ ಬಳ್ಳಿಯ ಕೀಲಿ

ಕಲಬುರಗಿಯ ಬಿಸಿಲಿನಲ್ಲಿ ಮನುಷ್ಯರು ಬದುಕುವುದೇ ದೊಡ್ಡದು. ಅಂಥಾದ್ದರಲ್ಲಿ ಮೌನೇಶನಿಗೆ ಮನೆಯೊಳಗೆ ಕೃಷ್ಣಕಮಲ ಅರಳಿಸುವ ಹುಚ್ಚು ಹಿಡಿದಿತ್ತು. ಹಿಂದೆ ತಂದ ಬಳ್ಳಿಗಳೆಲ್ಲ ಬೇಸಿಗೆ ದಾಟದೆ ಸ್ವರ್ಗಸ್ಥವಾಗಿದ್ದವು. ಕಪನೂರಿನ ಬೇಳೆ ಮಿಲ್ಲಿನಲ್ಲಿ ಜೊತೆಗೆ ಕೆಲಸ ಮಾಡುವವರು, "ಈ ಬಳ್ಳಿ ಮಣ್ಣು ಮಾಡೋದು ಯಾವಾಗ್ರೀ? ನಾವೂ ಬರ್ತೀವಿ," ಎಂದು ನಗುತ್ತಿದ್ದರು. ಒಂದೇ ಒಂದು ಹೂ ಅರಳಿಸಿ ಅವರ ಬಾಯಿ ಮುಚ್ಚಿಸುವುದು ಅವನಿಗೆ ಮಾನದ ಪ್ರಶ್ನೆಯಾಗಿತ್ತು.

ಹಾಗಾಗಿ ಈ ಸಲದ ಬಳ್ಳಿಗೆ ರಾಜೋಪಚಾರ. ಶಹಾಬಜಾರದ ಆ ಸಣ್ಣ ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುವ ಕಿಟಕಿ ಅದಕ್ಕೇ ಮೀಸಲು. ಬೆರಳಿಟ್ಟು ಮಣ್ಣಿನ ಪಸೆ ನೋಡಿ ನೀರು, ಎಲೆಗಳಿಗೆ ತುಂತುರು ಸ್ನಾನ, ಕೂಲರಿನ ಮುಖವೂ ಅದರ ಕಡೆಗೇ. (ಹೆಂಡತಿ ಶೀಲಾಳ ಪಾಲಿಗೆ ಬೀಸಣಿಗೆ.) ಬಳ್ಳಿ ಕಿಟಕಿ ದಾಟಿ, ಪಕ್ಕದ ಕಬ್ಬಿಣದ ಅಲಮಾರಿಗೆ ಹಬ್ಬಿ, ತಂತಿಯಂಥ ಸುರುಳಿಗಳಿಂದ ಅದರ ಹಿಡಿಕೆಯನ್ನು ಬಿಗಿದುಕೊಂಡಿತು. ಕೊನೆಗೊಂದು ದಿನ ಅಲಮಾರಿಯ ಎರಡೂ ಬಾಗಿಲು ಕೂಡುವ ಜಾಗದಲ್ಲೇ ಮೊಗ್ಗು ಬಿಟ್ಟಿತು. ಮೌನೇಶನಿಗೆ ಕಣ್ಣು ತುಂಬಿ ಬಂತು.

ಮೊಗ್ಗು ದಪ್ಪಗಾಗುತ್ತಿರುವಾಗಲೇ ಶೀಲಾ ಅಲಮಾರಿ ತೆಗೆಯಲು ಬಂದಳು. ಮರುದಿನ ಕಮಲಾಪುರದ ತವರಿನಲ್ಲಿ ಬಸುರಿ ತಂಗಿ ಅಂಜನಾಳ ಕುಬಸ, ಅಂದರೆ ಸೀಮಂತ. ರೇಷ್ಮೆ ಸೀರೆ ಒಳಗಿತ್ತು.

"ಕೈ ಹಚ್ಚಬ್ಯಾಡ," ಮೌನೇಶ ಅಡ್ಡ ನಿಂತ. "ಬಾಗಿಲಾ ತೆಗದ್ರ ಮೊಗ್ಗಿ ಮುರೀತದ."

"ಮತ್ತ ನಾ ನಿಮ್ಮ ಬಳ್ಳಿ ಸುತ್ಕೊಂಡು ಹೋಗ್ಲೇನು?"

"ಸ್ವಲ್ಪ ತಡಿ. ಇವತ್ತ ನಾಳಿ ಅರಳ್ತದ."

"ಹಂಗಾದ್ರ ಅಂಜನಾಗ ಫೋನ್ ಮಾಡ್ತೀನಿ. ನಮ್ಮ ಮನ್ಯಾಗ ಹೂ ಅರಳೋತನ ಕುಬಸ ನಿಂದರಸು ಅಂತೀನಿ."

ಮೌನೇಶ ಮಹಾತ್ಯಾಗಕ್ಕೆ ಸಿದ್ಧನಾದ. ಜಗತ್ ಸರ್ಕಲ್ಲಿನ ಸೀರೆ ಅಂಗಡಿಗೆ ಕರೆದೊಯ್ದು ಹೊಸ ಇಳಕಲ್ ಸೀರೆ, ಅದಕ್ಕೊಪ್ಪುವ ರೆಡಿಮೇಡ್ ಜಂಪರು ಕೊಡಿಸಿದ. (ಅವಳು ಬೇಡವೆಂದು ಒಂದು ಮಾತೂ ಆಡಲಿಲ್ಲವೆಂಬುದು ಅವನಿಗೆ ಹೊಳೆದದ್ದು ಆಮೇಲೆ.) ಸಂಸಾರ ನಡೆಸುವ ಕಲೆ ತನಗೆ ಕರಗತವಾಯಿತೆಂದು ನೆಮ್ಮದಿಯಿಂದ ಮಲಗಿದ.

ಬೆಳಿಗ್ಗೆ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಬಂದ. "ಶೀಲಾ, ನನ್ನ ಅಂಗಿ ಪ್ಯಾಂಟ್ ಎಲ್ಲಿ ಅವ?"

"ಅಲಮಾರ್ಯಾಗ ಅವ," ಎಂದಳು ಅವಳು, ಹೊಸ ಸೀರೆಯ ನೆರಿಗೆ ಹಿಡಿಯುತ್ತ.

"ದಿನಾ ಹಾಕ್ಕೊಳ್ಳೋವು?"

"ಎಲ್ಲಾ ಒಗೀಲಾಕ ನೆನಿ ಹಾಕೀನಿ. ಅಲಮಾರಿ ತೆಗೀಲೇನ್ರಿ?"

ಮೌನೇಶ ಮೊಗ್ಗಿನ ಕಡೆ ನೋಡಿದ. ತುದಿಯಲ್ಲಿ ನೇರಳೆ ಬಣ್ಣ ಇಣುಕುತ್ತಿತ್ತು. ಬೇಡ ಎಂದ.

ಕೆಳಗಿನ ಮನೆಯ ಕಿರಾಣಿ ಅಂಗಡಿ ಸೂಗಪ್ಪ ದೊಡ್ಡ ಮನಸ್ಸಿನವರು, ಅದಕ್ಕಿಂತ ದೊಡ್ಡ ಹೊಟ್ಟೆಯವರು. ಅವರ ಧೋತರ, ನೆಹರೂ ಶರ್ಟು ಕಡ ತಂದು ತೊಟ್ಟುಕೊಂಡು ಮೌನೇಶ ಕಮಲಾಪುರದ ಬಸ್ಸು ಹತ್ತಿದ. ಆ ಅಂಗಿಯೊಳಗೆ ಇನ್ನೊಬ್ಬ ಅಳಿಯನಿಗೆ ಆರಾಮಾಗಿ ಜಾಗವಿತ್ತು.

ಅತ್ತೆ ಭಾಗಮ್ಮ ಬಾಗಿಲಲ್ಲೇ ಎದೆಯ ಮೇಲೆ ಕೈಯಿಟ್ಟುಕೊಂಡರು. "ಶೀಲಾ, ಅಳಿಯಂದಿರು ಅಂಗ್ಯಾಗ ಕಾಣವಲ್ರು. ಹೊಟ್ಟಿಗಿ ಹಾಕ್ತೀಯೋ ಇಲ್ಲೋ? ನೀ ನೋಡಿದ್ರ ಹೊಸ ಸೀರಿ ಉಟ್ಟು ಮೆರೀಲಾಕತ್ತಿ."

"ಹಂಗಲ್ಲವ್ವಾ, ಮನ್ಯಾಗ ಒಂದು ಬಳ್ಳಿ..." ಎಂದು ಶೀಲಾ ಶುರು ಮಾಡುವಷ್ಟರಲ್ಲಿ ಅಳಿಯನನ್ನು ಎಲೆಯ ಮುಂದೆ ಕೂಡಿಸಿಯಾಗಿತ್ತು. ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಹೋಳಿಗೆ, ನಡುನಡುವೆ ಊರಿನ ಕೆಂಪು ಬಾಳೆಹಣ್ಣು. ಬೇಡವೆಂದಷ್ಟೂ ಬಡಿಸಿದರು. ಬಸುರಿಯನ್ನು ಕೇಳುವವರೇ ಇರಲಿಲ್ಲ.

"ಯವ್ವಾ, ಕುಬಸ ನಂದೋ, ಭಾವಂದೋ?" ಎಂದಳು ಅಂಜನಾ.

ಕೃಷ್ಣಕಮಲ ಅರಳಿದರೆ ಒಂದೇ ದಿನದ ಬಾಳು. ಹೊಟ್ಟೆ ಹಿಡಿದುಕೊಂಡೇ ಮೌನೇಶ ಮಧ್ಯಾಹ್ನದ ಬಸ್ಸಿಗೆ ಹೆಂಡತಿಯನ್ನು ಹೊರಡಿಸಿದ. ತವರಿನಲ್ಲಿ ಬೈಸಿಕೊಂಡ ಶೀಲಾ ದಾರಿಯುದ್ದಕ್ಕೂ ಗೊಣಗಿದಳು. ಮನೆಯ ಬಾಗಿಲು ತೆಗೆದ ಕೂಡಲೇ ಆ ಗೊಣಗಾಟ ನಿಂತಿತು.

ಹೂ ಅರಳಿತ್ತು. ಸುತ್ತಲೂ ನೇರಳೆ ಎಳೆಗಳು, ನಡುವೆ ಹಸಿರು ಗುಂಡು, ಕೋಣೆಯ ತುಂಬ ಘಮ. ಮೌನೇಶ ಚಪ್ಪಲಿ ಬಿಡದೆಯೇ ಹೂವಿನ ಹತ್ತಿರ ಓಡಿದ. ತನ್ನ ಕೈಯಿಂದಲೂ ಒಂದು ಜೀವ ಅರಳಿತಲ್ಲ ಎಂಬ ಸಂತೋಷಕ್ಕೆ ಮಿಲ್ಲಿನವರೂ ಮರೆತುಹೋದರು.

"ಎಷ್ಟ ಚಂದ ಅದ ರೀ," ಎಂದಳು ಶೀಲಾ ಮೆಲ್ಲಗೆ.

"ಸಂಜಿಗಿ ಮುಚ್ಕೊಳ್ತದ. ನಾಳಿ ಸುರುಳಿ ಬಿಡಿಸಿ ಅಲಮಾರಿ ತೆಗೀತೀನಿ ತಗೋ," ಎಂದು ಮೌನೇಶ ಉದಾರವಾಗಿ ಹೇಳಿದ.

ಶೀಲಾ ಎಲೆಗಳನ್ನು ಸರಿಸಿ ತೋರಿಸಿದಳು. ಹಿಡಿಕೆಯ ಸುತ್ತ ಇನ್ನಷ್ಟು ಮೊಗ್ಗುಗಳಿದ್ದವು.

"ನೀವು ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು. "ಸೂಗಪ್ಪ ಕಾಕಾರಿಗಿ ಅಂಗಿ ಈಗೇ ವಾಪಸ್ ಕೊಡಬ್ಯಾಡ್ರಿ. ಐತವಾರ ನಮ್ಮ ಅಣ್ಣನ ಮನಿ ಗೃಹಪ್ರವೇಶ ಅದ. ನಾ ಜಗತ್‌ದಾಗ ಇನ್ನೊಂದು ಸೀರಿ ನೋಡಿ ಇಟ್ಟೀನಿ."