ಏಳು ಲೋಟ ಮಜ್ಜಿಗೆಯ ಗಗನಸಮರ

ಹೇ ಮರುದ್ಗಣಗಳಿರಾ! ಹೇ ಅಷ್ಟದಿಕ್ಪಾಲಕರಿರಾ! ಬಿಸಿಲ ಕಾವಿಗೆ ಮೇಲೇಳುವ ಅದೃಶ್ಯ ಅನಿಲಗಳಿರಾ! ಈ ಬಡ ಕಥೆಗಾರನ ನಾಲಗೆಯ ಮೇಲೆ ಕ್ಷಣಕಾಲ ನೆಲೆಸಿರಿ. ಕಲಿಯುಗದಲ್ಲಿ, ವೈಶಾಖದ ಒಂದು ಭಾನುವಾರ, ಹಿರೇಬಯಲಿನ ವಿಮಾನನಿಲ್ದಾಣದ ರನ್‌ವೇ ಪಕ್ಕದ ಒಂದು ಪಟ್ಟಿ ಹುಲ್ಲಿಗಾಗಿ ಭೂಮ್ಯಾಕಾಶಗಳು ಹೇಗೆ ತಲ್ಲಣಿಸಿದವೆಂಬುದನ್ನು ಹೇಳಬೇಕಾಗಿದೆ. ನಾನು ತೊದಲಿದರೆ ಮರ್ಯಾದೆ ಹೋಗುವುದು ನಿಮ್ಮದೇ.

ಆ ಹಿರೇಬಯಲಿನಲ್ಲಿ ಯಂತ್ರವಿಹೀನ-ವ್ಯೋಮಯಾನ-ಧುರಂಧರನೂ, ಗೃಧ್ರಗತಿವಿಶಾರದನೂ, ನಿವೃತ್ತ ಡ್ರಾಯಿಂಗ್ ಮಾಸ್ತರನೂ ಆದ ಶಾಂತವೀರಪ್ಪ ಹೂಲಿಕಟ್ಟಿಯೆಂಬ ಮಹಾವೀರನಿದ್ದನು. ಅವನು ಗ್ಲೈಡರ್ ಕ್ಲಬ್ಬಿನ ಅಧ್ಯಕ್ಷ. ಎಂಜಿನ್ನಿಲ್ಲದ ವಿಮಾನವನ್ನು ಹಗ್ಗ ಕಟ್ಟಿ ಯಂತ್ರದಿಂದ ಎಳೆಸಿ, ಗಾಳಿಪಟದ ಹಾಗೆ ಮೇಲೇರಿಸಿ, ಆಮೇಲೆ ಬಿಸಿಗಾಳಿಯನ್ನು ನಂಬಿ ತೇಲುವುದು ಆ ಕ್ಲಬ್ಬಿನ ಕುಲವಿದ್ಯೆ. ಬಿಸಿಗಾಳಿ ಕಣ್ಣಿಗೆ ಕಾಣುವುದಿಲ್ಲ. ಹದ್ದು ರೆಕ್ಕೆ ಬಡಿಯದೆ ಎಲ್ಲಿ ಸುತ್ತುತ್ತದೋ ಅಲ್ಲಿ ಅದಿದೆಯೆಂದು ತಿಳಿಯಬೇಕು. ಹದ್ದು ಸಿಗದಿದ್ದರೆ ಐದೇ ನಿಮಿಷಕ್ಕೆ ಭೂಸ್ಪರ್ಶ, ಮತ್ತು ಹಿರೇಬಯಲಿನಲ್ಲಿ ಹದ್ದು ಸಿಗುತ್ತಿದ್ದುದು ಅಪರೂಪ.

ಆ ವೀರನಿಗೆ ಎದುರಾದವಳು ಪಾಸು-ಪರವಾನಗಿ-ಪಾರ್ಕಿಂಗ್-ಪ್ರಚಂಡೆ, ದಿನಕ್ಕೊಂದೇ ಬರುವ ವಿಮಾನವನ್ನು ಗಡಿಯಾರ ಹಿಡಿದು ಕಾಯುವ ನಿಲ್ದಾಣಾಧೀಶ್ವರಿ, ಮ್ಯಾನೇಜರ್ ಇಂದುಮತಿ ಕುಪ್ಪಸ್ತ. ಗ್ಲೈಡರ್ ಇಳಿಯುವ ಹುಲ್ಲಿನ ಪಟ್ಟಿಗೆ ಡಾಂಬರು ಹಾಕಿಸಿ ಕಾರು ನಿಲ್ಲಿಸಬೇಕೆಂದು ಆಕೆ ಪಣ ತೊಟ್ಟಿದ್ದಳು.

"ಎಲೈ ವಯೋವೃದ್ಧನೇ! ಏರಿದ ಮರುಗಳಿಗೆಯೇ ಧರೆಗುರುಳುವ ನಿನ್ನ ಯಾನಕ್ಕೆ ಯಾನವೆಂಬ ಬಿರುದೇಕೆ? ಒಂದು ತಾಸು ಅಂತರಿಕ್ಷದಲ್ಲಿ ನಿಲ್ಲು, ತೃಣಭೂಮಿ ನಿನ್ನದು! ತಪ್ಪಿದೆಯೋ, ಅಲ್ಲಿ ಕಪ್ಪು ಡಾಂಬರಿನ ಪ್ರಳಯ!" ಎಂದು ಆಕೆ ಗುಡುಗಿದಳು. ಕಿವಿಯಾರೆ ಕೇಳಿದವರು ಹೇಳುವ ಪಾಠ ಬೇರೆ: "ಅಲ್ಲ ಮಾಸ್ತರ, ಏರೋದ್ರಾಗ ಇಳದಿರ್ತೀರಿ. ಇದೇನು ವಿಮಾನನೋ, ಜೋಕಾಲಿನೋ? ಒಂದ್ ತಾಸು ಮ್ಯಾಲಿದ್ದು ತೋರಸ್ರಿ, ಹುಲ್ಲು ನಿಮ್ದ. ಇಲ್ಲಂದ್ರ ಪಾರ್ಕಿಂಗ್."

ಅದಕ್ಕೆ ವೀರನು, "ಕೇಳೌ ರನ್‌ವೇಪಾಲಿನೀ! ಪವನನೇ ನನ್ನ ಬಾಹು, ಗೃಧ್ರಗಳೇ ನನ್ನ ದೂತರು. ಇಳಿಯೆಂದು ನೀನೇ ಅಂಗಲಾಚುವವರೆಗೆ ಈ ಪಾದ ನೆಲ ಸೋಕಲಾರದು!" ಎಂದು ಆರ್ಭಟಿಸಿದನು. ಅಂದರೆ, "ಆತ್ ಬಿಡ್ರಿ ಮೇಡಮ್, ಭಾನುವಾರ ನೋಡೂಣಂತ" ಎಂದನು. ಹೊರಗೆ ಹಾಗೆಂದರೂ ಒಳಗೆ ಅವನ ಜೀವ ಹೊಡೆದುಕೊಳ್ಳುತ್ತಿತ್ತು. ಹರೆಯದಲ್ಲಿ ಅವನು ಮೊದಲ ಸಲ ಒಬ್ಬನೇ ಹಾರಿ ಬಂದಿಳಿದದ್ದು ಅದೇ ಹುಲ್ಲಿನ ಮೇಲೆ. ಅದೊಂದು ಹೋದರೆ ಅವನು ಬರೀ ನಿವೃತ್ತ ಮಾಸ್ತರ.

ಭಾನುವಾರ ಬಂತು. ಕ್ಲಬ್ಬಿಗೊಂದು ಸಂಪ್ರದಾಯವಿತ್ತು: ಹಾರುವವನು ಉಳಿದ ಸದಸ್ಯರೆಲ್ಲರ ಕೈಯಿಂದ ಒಂದೊಂದು ಲೋಟ ಮಜ್ಜಿಗೆ ಕುಡಿದೇ ಹತ್ತಬೇಕು. ಬೇಡವೆಂದರೆ ಅಪಶಕುನ. ಐದು ನಿಮಿಷದ ಹಾರಾಟಕ್ಕೆ ಅದರಿಂದ ಯಾವ ಬಾಧಕವೂ ಇರಲಿಲ್ಲ. ಇಂದಿನದು ತಾಸಿನ ಪಣವೆಂಬುದು ಮಾತ್ರ ಆ ಮಹಾಮಹಿಮರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. "ಕುಡೀರಿ ಮಾಸ್ತರ, ಇಂಗಿನ ಒಗ್ಗರಣಿ ಹಾಕೇನಿ," ಎಂದು ಹಗ್ಗ ಎಳೆಸುವ ನೀಲಕಂಠ ಮುಳಗುಂದನು ಏಳನೆಯ ಲೋಟ ನೀಡಿದನು. ವೀರನು ಕುಡಿದನು. ಮೀಸೆ ಒರೆಸಿಕೊಂಡನು. ಹಾರಿದನು.

ಅಹೋ! ಆ ದಿನ ವಾಯುದೇವನ ಕೃಪೆಯೇನು! ಟರ್ಮಿನಲ್ಲಿನ ಕಾದ ತಗಡಿನ ಮೇಲೆ ಹದ್ದೊಂದು ಸುತ್ತುತ್ತಿತ್ತು. ವೀರನು ಅದರ ಬೆನ್ನುಹತ್ತಿ ಸುತ್ತಿದನು, ಏರಿದನು, ಮತ್ತೆ ಸುತ್ತಿದನು. ಕೆಳಗೆ ಕ್ಲಬ್ಬಿನವರು ಟವೆಲ್ ಬೀಸಿ ಕುಣಿದರು. ಮ್ಯಾನೇಜರು ವೈರ್‌ಲೆಸ್ಸಿನ ಮುಂದೆ ಗಡಿಯಾರ ನೋಡುತ್ತಾ ಕೂತಳು.

ಮುಕ್ಕಾಲು ತಾಸು ಕಳೆದಿರಬೇಕು. ಆಗ, ಹೊರಗಿನ ಯಾವ ಶತ್ರುವಿಗೂ ಜಗ್ಗದ ಆ ಕಲಿಯ ಕಿಬ್ಬೊಟ್ಟೆಯಲ್ಲಿ ಸಪ್ತಸಾಗರಗಳು ಒಂದಾಗಿ ಭೋರ್ಗರೆದವು! ವೀರನು ಕಾಲಮೇಲೆ ಕಾಲು ಹಾಕಲೆತ್ನಿಸಿದನು, ಜಾಗವಿರಲಿಲ್ಲ. ಮಗ್ಗಿ ಹೇಳಿದನು, ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಬಿದ್ದನು. ದುರ್ವಿಧಿಯನ್ನು ನೋಡಿ! ಅದೇ ಹೊತ್ತಿಗೆ ನಿಲ್ದಾಣದ ಅಗ್ನಿಶಾಮಕದವರು ಕೆಳಗೆ ಪೈಪು ಹಿಡಿದು ನೀರು ಹಾರಿಸುವ ಅಭ್ಯಾಸ ಶುರುಮಾಡಿದರು. ವೀರನು ಕಣ್ಣು ಬೇರೆಡೆ ತಿರುಗಿಸಿ ವೈರ್‌ಲೆಸ್ಸು ಒತ್ತಿದನು.

"ಮೇಡಮ್, ಎಷ್ಟಾತ್ರೀ?"

"ಇನ್ನೂ ಹತ್ತು ನಿಮಿಷ ಅದರೀ. ಯಾಕ, ಸಾಕಾತೇನು?"

"ಛೇ ಛೇ! ಸುಮ್ನ ಕೇಳಿದೆ."

ಆ ಹತ್ತು ನಿಮಿಷ ಅವನು ಹೇಗೆ ಕಳೆದನೆಂದು ವರ್ಣಿಸಲು ನನ್ನಿಂದಾಗದು, ಸಭ್ಯತೆಯೂ ಒಪ್ಪದು. ಕೊನೆಗೆ ವೈರ್‌ಲೆಸ್ಸು ನುಡಿಯಿತು: "ತಾಸಾತು. ಗೆದ್ದ್ರಿ ಮಾಸ್ತರ." ಮಾತು ಮುಗಿಯುವ ಮೊದಲೇ ಗ್ಲೈಡರು ಹುಲ್ಲಿನ ಮೇಲಿತ್ತು.

ಹಾರ ಹಿಡಿದು ಓಡಿಬಂದ ಗೆಳೆಯರನ್ನು ಸೀಳಿಕೊಂಡು ವೀರನು ಟರ್ಮಿನಲ್ಲಿನ ಹೊರಗಿನ ಪಾಯಖಾನೆಗೆ ಧಾವಿಸಿದನು. ಕ್ಲಬ್ಬಿಗಂತೂ ಅಂಥದ್ದೊಂದಿರಲಿಲ್ಲ. ಬೀಗ! ವಿಮಾನವಿಲ್ಲದ ಹೊತ್ತಿನಲ್ಲಿ ಅದಕ್ಕೆ ಬೀಗ, ಕೀಲಿ ಮ್ಯಾನೇಜರ ಕೈಯಲ್ಲಿ. ಆಕೆಯೋ ಸೋತರೂ ಗಂಭೀರವಾಗಿ ನಡೆದು ಬಂದು, "ಮಾತಂದ್ರ ಮಾತು ಮಾಸ್ತರ. ಇವತ್ತಿನಿಂದ ಈ ಹುಲ್ಲು..." ಎಂದು ತೊಡಗಿದಳು.

"ಹುಲ್ಲು ನೀವ ಇಟ್ಕೋರಿ!" ವೀರನು ಚೀರಿದನು. "ಡಾಂಬರ್ ಹಾಕ್ರಿ, ಕಾರ್ ನಿಲ್ಲಸ್ರಿ, ಏನರ ಮಾಡ್ರಿ! ಮೊದ್ಲ ಕೀಲಿ ಕೊಡ್ರಿ!"

ನೀಲಕಂಠನ ಕೈಯಿಂದ ಹಾರ ಜಾರಿತು. ಕೀಲಿ ಕೈ ಬದಲಾಯಿತು. ಬಾಗಿಲು ದಡಾರನೆ ಮುಚ್ಚಿತು. ಏಳು ಮಂದಿ ಮುದಿ ಸದಸ್ಯರು ಬಾಗಿಲ ಮುಂದೆ ಸಾಲಾಗಿ ಕಾದರು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ವೀರನ ಮುಖದಲ್ಲಿ ಪರಮಶಾಂತಿ. ಎರಡು ಹೆಜ್ಜೆ ಇಟ್ಟವನಿಗೆ ಆಡಿದ ಮಾತು ನೆನಪಾಯಿತು.

"ಮೇಡಮ್... ನಾ ಈಗ ಏನರ ಅಂದ್ನೇನ್ರೀ?"

ಇಂದುಮತಿ ಕುಪ್ಪಸ್ತ ಹುಲ್ಲಿನ ಕಡೆ ನೋಡಿದಳು. ಏಳು ಮುದುಕರ ಕಡೆ ನೋಡಿದಳು. ನಗು ತಡೆದುಕೊಂಡಳು.

"ಏನೂ ಅನ್ಲಿಲ್ಲಲ್ರೀ. ಕೈ ತೊಳಕೊಂಡ್ರೇನು?"

"ತೊಳಕೊಂಡೆ."

"ಹಂಗಾದ್ರ ನಿಮ್ಮ ಹುಲ್ಲು ನೀವು ನೋಡ್ಕೋರಿ. ನನ್ನ ಕೀಲಿ ನನಗ ಕೊಡ್ರಿ."

ಈ ಮಹಾಸಮರವನ್ನು ಓದಿದವರಿಗೆ ಸ್ವರ್ಗ ಸಿಗುವುದೋ ಇಲ್ಲವೋ ಕಾಣೆ. ದೂರದ ಪ್ರಯಾಣಕ್ಕೆ ಮೊದಲು ಒಂದೇ ಲೋಟಕ್ಕೆ ಸಾಕೆನ್ನುವ ಬುದ್ಧಿಯಂತೂ ಬರುವುದು.