ನಕಾರಕ್ಕೆ ಕೊಂಬು

ಹುನಗುಂದದ ನಿಂಗರಾಜನಿಗೆ ಇದ್ದದ್ದು ಒಂದೇ ಕೊರಗು. ಮದುವೆಯಿರಲಿ, ಗಣಪತಿ ಕಳಿಸುವುದಿರಲಿ, ಅವನು ಸೌಂಡ್ ಹಚ್ಚಿದನೆಂದರೆ ಮೊಣಕಾಲು ನೋವಿನವರೂ ಎದ್ದು ಕುಣಿಯುತ್ತಿದ್ದರು. ಕುಣಿದು ಮನೆಗೆ ಹೋದಮೇಲೆ ಡಿಜೆ ಯಾರೆಂದು ಯಾರಾದರೂ ಕೇಳಿದರೆ ಮಾತ್ರ, "ಯಾವನೋ ಆ ಕೆಂಪು ಟೆಂಪೋದಾಂವ" ಎಂಬ ಉತ್ತರ. ಟೆಂಪೋಕ್ಕಿದ್ದ ಕೀರ್ತಿ ಅದರ ಯಜಮಾನನಿಗಿರಲಿಲ್ಲ. ಅತ್ತ ಬಾಗಲಕೋಟೆಯ ಡಿಜೆ ಶಿರೀಷ ತಾಳ ತಪ್ಪಿದರೂ ಜನ ಅವನ ಹೆಸರು ತಪ್ಪುತ್ತಿರಲಿಲ್ಲ. ಯಾಕೆಂದರೆ ಶಿರೀಷನಿಗೆ ಬೆಳ್ಳಿ ಬಣ್ಣದ, ಚೂಪು ಚೂಪು ಅಕ್ಷರದ ಲೋಗೋ ಇತ್ತು.

ಒಂದು ಮುಂಜಾನೆ ರೊಟ್ಟಿ ತಿನ್ನುತ್ತ ನಿಂಗರಾಜ ತನಗೊಂದು ಲೋಗೋ ಬೇಕೆಂದು ಘೋಷಿಸಿದ. ಹೆಂಡತಿ ಲಲಿತಾ ಖಣದ ಕುಪ್ಪಸಕ್ಕೆ ತೋಳು ಕೂಡಿಸುತ್ತ ಮಷಿನ್ನಿನ ಮುಂದೆ ಕೂತಿದ್ದಳು. ಸಂತೆಗೆ ಹೋದಾಗ ತರುತ್ತೇನೆ, ಎಷ್ಟು ಕಿಲೋ ಬೇಕು ಎಂದು ತಲೆ ಎತ್ತದೆ ಕೇಳಿದಳು.

ಅಂದಿನಿಂದ ನಿಂಗರಾಜನಿಗೆ ಅಕ್ಷರದ ಹುಚ್ಚು ಹಿಡಿಯಿತು. ಅಂಗಡಿ ಬೋರ್ಡು, ಗೊಬ್ಬರದ ಚೀಲ, ಲಗ್ನಪತ್ರಿಕೆ, ಕಂಡಕಂಡದ್ದರಲ್ಲಿ ಒತ್ತು, ದೀರ್ಘ, ತಲೆಕಟ್ಟು ಪರೀಕ್ಷಿಸತೊಡಗಿದ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡಿನ 'ಳ' ಯಾಕೆ ಇಷ್ಟು ಸೊರಗಿದೆ ಎಂದು ವಿಮರ್ಶೆ ಮಾಡುತ್ತ ನಿಂತಾಗ, ಆ 'ಳ' ಸಮೇತ ಬಸ್ಸು ಹೊರಟೇಹೋಯಿತು. ತಾಯಿ ಸತ್ಯವ್ವ ನಾದಿಟ್ಟ ಹಿಟ್ಟಿನ ಮೇಲೆ ಬೆರಳಿನಿಂದ 'ನಿಂ' ಎಂದು ಬರೆದು ಬೈಸಿಕೊಂಡ.

ಕೊನೆಗೆ ಬಾಗಲಕೋಟೆಗೆ ಹೋಗಿ ಮುಬಶೀರಾ ಎಂಬ ಡಿಸೈನರನ್ನು ಹಿಡಿದ. ಆಕೆ ಅಲ್ಲೇ ಕಂಪ್ಯೂಟರಿನಲ್ಲಿ 'ಡಿಜೆ ನಿಂಗು' ಎಂದು ಗುಂಡಗೆ, ಮುದ್ದಾಗಿ ಬರೆದು ತೋರಿಸಿದಳು. ನಿಂಗರಾಜನ ಮುಖ ಬಾಡಿತು. ಅಕ್ಷರಗಳು ಸಾಲಿಯಲ್ಲಿ ಕೈಕಟ್ಟಿ ಕೂತ ಹುಡುಗರ ಹಾಗೆ ಕಾಣುತ್ತವೆ, ಡಿಜೆ ಅಕ್ಷರವೆಂದರೆ ಕಾಳಗಕ್ಕೆ ನಿಂತ ಹಾಗಿರಬೇಕು ಎಂದ. ತನ್ನದು ಬೀರಪ್ಪ ದೇವರ ಒಕ್ಕಲು, ತಲೆತಲಾಂತರದಿಂದ ಕುರಿ ಸಾಕಿದ ಮನೆ; ಆದ್ದರಿಂದ 'ನ'ದ ಬಲಕ್ಕೆ ಸುರುಳಿ ಸುತ್ತಿದ ಟಗರಿನ ಕೊಂಬು ಬರಲಿ, ತಲೆಯ ಮೇಲಿನ ಗುಡಿಸು ತೆಗೆದು ಅಲ್ಲಿ ಹೆಡ್‌ಫೋನ್ ಕೂರಲಿ ಎಂದು ಅಪ್ಪಣೆ ಕೊಡಿಸಿದ. ಹಾಗೆ ಮಾಡಿದರೆ ಹೆಸರು ಹೆಸರಾಗಿ ಉಳಿಯುವುದಿಲ್ಲವೆಂದು ಮುಬಶೀರಾ ಎರಡು ಸಲ ಹೇಳಿ ನೋಡಿದಳು.

"ಟಗರು ಸಾಕಿದ ಮನಿತನ ನಮ್ಮದು, ಅಕ್ಕಾರ. ಕೊಂಬಿನ ವಿಚಾರ ನನಗ ಬಿಡ್ರಿ," ಎಂದ ನಿಂಗರಾಜ.

ಆಕೆ ಬಿಟ್ಟಳು.

ಲೋಗೋ ಬ್ಯಾನರ್ ಮೇಲೆ ಬಂತು, ಟೆಂಪೋ ಮೇಲೆ ಬಂತು, ಮಿಕ್ಸರಿನ ಮುಚ್ಚಳದ ಮೇಲೂ ಸತ್ಯವ್ವನ ಎಲೆಅಡಿಕೆ ಡಬ್ಬಿಯ ಮೇಲೂ ಬಂತು. ಅದನ್ನೇ ಅಚ್ಚು ಹಾಕಿಸಿದ ಹೊಸ ಟೀ-ಶರ್ಟ್ ತೊಟ್ಟು ನಿಂಗರಾಜ ಪಡಸಾಲೆಯಲ್ಲಿ ಒಂದು ಸುತ್ತು ತಿರುಗಿ ನಿಂತ. ಲಲಿತಾ ಸೂಜಿಯನ್ನು ಬಾಯಿಂದ ತೆಗೆದು ಸಾವಕಾಶ ಓದಿದಳು.

"ಡಿಜೆ ನುಂಗು."

"ನಿಂಗು."

"'ನ'ಕ್ಕ ಕೊಂಬು ಕೊಟ್ರ 'ನು' ರೀ."

"ಅದು ಅಕ್ಷರದ ಕೊಂಬಲ್ಲ. ಟಗರಿನ ಕೊಂಬು."

"ಓದಾವರಿಗೆ ಟಗರು ಅಂತ ಯಾರು ಹೇಳಾವರು?"

ಕಲೆ ಎಲ್ಲರ ಕಣ್ಣಿಗೆ ಕಾಣುವಂಥದ್ದಲ್ಲ ಎಂದು ನಿಂಗರಾಜ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. (ಆ ರಾತ್ರಿ ಕನ್ನಡಿಯಲ್ಲಿ ನೋಡಿಕೊಂಡ. ಕನ್ನಡಿಯಲ್ಲಿ ಅಕ್ಷರ ಉಲ್ಟಾ, ಹಾಗಾಗಿ ಸರಿಯಾಗೇ ಕಂಡಿತು.)

ಮೊದಲ ದೊಡ್ಡ ಕಾರ್ಯಕ್ರಮ ಇಳಕಲ್ಲಿನಲ್ಲಿ, ಸೀರೆ ವ್ಯಾಪಾರಿ ಶಂಕ್ರಪ್ಪನ ಮಗಳ ರಿಸೆಪ್ಶನ್. ಶಂಕ್ರಪ್ಪನ ಬಳಗವೆಂದರೆ ಅರ್ಧ ಇಳಕಲ್ಲು. ಅಲ್ಲಿ ಗೆದ್ದರೆ ಮುಂದಿನ ಲಗ್ನಗಳೆಲ್ಲ ತನ್ನವು, ಸೋತರೆ ಮತ್ತೆ ಕೆಂಪು ಟೆಂಪೋದವನೇ. ತಾನು ಹೊಲಿದ ಕುಪ್ಪಸಗಳನ್ನು ಯಾರ್ಯಾರು ತೊಟ್ಟಿದ್ದಾರೆ ನೋಡಬೇಕೆಂದು ಲಲಿತಾಳೂ ಬಂದಳು.

ವೇದಿಕೆಯ ಹತ್ತಿರ ಜಾಗ ಸಿಗದೆ ನಿಂಗರಾಜ ತನ್ನ ಭವ್ಯ ಬ್ಯಾನರನ್ನು ಊಟದ ಹಾಲಿನ ಬಾಗಿಲ ಪಕ್ಕದ ಗೋಡೆಗೆ ಬಿಗಿದ. ಟಗರಿನ ಕೊಂಬಿನ ತುದಿ ಸರಿಯಾಗಿ ಬಾಗಿಲ ಕಡೆ ಮುಖ ಮಾಡಿತ್ತು. ಬಂದ ಬೀಗರು ಬ್ಯಾನರ್ ನೋಡಿದರು, 'ನುಂಗು' ಎಂದು ಓದಿದರು, ಕೊಂಬು ತೋರಿಸಿದತ್ತ ನಡೆದರು. ಹಿಂದೆ ಬಂದವರು ಮುಂದಿನವರನ್ನು ಹಿಂಬಾಲಿಸಿದರು. ಮದುಮಕ್ಕಳು ವೇದಿಕೆ ಏರುವಷ್ಟರಲ್ಲಿ ಎದುರಿಗೆ ಖಾಲಿ ಕುರ್ಚಿಗಳು, ಒಬ್ಬ ಫೋಟೋಗ್ರಾಫರ್. ಒಳಗೆ ಅನ್ನ ಇನ್ನೂ ಕುದಿಯುತ್ತಿತ್ತು, ಪಂಕ್ತಿ ಮಾತ್ರ ತುಂಬಿಹೋಗಿತ್ತು. ಅಡಿಗೆಯವರು ಇದ್ದ ಹೋಳಿಗೆಯನ್ನೇ ಬಡಿಸುತ್ತ ಹಣೆ ಒರೆಸಿಕೊಳ್ಳುತ್ತಿದ್ದರು.

ಶಂಕ್ರಪ್ಪ ನಿಂಗರಾಜನ ಹತ್ತಿರ ಬಂದು, ಮಂದಿಯನ್ನು ಊಟಕ್ಕೆ ಎಬ್ಬಿಸಿದವರು ಯಾರು ಎಂದು ಮೆಲ್ಲಗೆ ಕೇಳಿದ. ಆ ಮೆಲ್ಲನೆಯ ದನಿಗೇ ನಿಂಗರಾಜ ಮಿಕ್ಸರ್ ಬಿಟ್ಟು ಎದ್ದು ನಿಂತ. ಅವನು ತಿರುಗಿ ತನ್ನ ಬ್ಯಾನರನ್ನು ಮೊದಲ ಸಲ ಪರರ ಕಣ್ಣಿನಿಂದ ನೋಡಿದ. ಟಗರು ಎಲ್ಲಿಯೂ ಕಾಣಲಿಲ್ಲ.

ಲಲಿತಾ ಜಗಳ ತೆಗೆಯಲಿಲ್ಲ. ಬರೆದದ್ದನ್ನು ಈಗ ಅಳಿಸಲಾಗುವುದಿಲ್ಲ, ಹೋದವರನ್ನು ಹೊರಗೆ ಕರೀರಿ ಎಂದಷ್ಟೇ ಹೇಳಿ ಅವನ ಕೈಗೆ ಮೈಕ್ ಕೊಟ್ಟಳು.

ಬೀರಪ್ಪನ ಗುಡಿಯ ಡೊಳ್ಳಿನ ರೆಕಾರ್ಡಿಂಗ್ ನಿಂಗರಾಜನ ಹತ್ತಿರ ಇತ್ತು. ಅದಕ್ಕೆ ಎದೆ ನಡುಗಿಸುವ ಬೇಸ್ ಕೂಡಿಸಿ ಬಿಟ್ಟ. ಪಂಕ್ತಿಯಲ್ಲಿ ಎಲೆಗಳು ಅದುರಿದವು.

"ನುಂಗು ಅಂತ ಹೇಳಿದಾಂವ ನಾನಽ," ಎಂದ ಮೈಕಿನಲ್ಲಿ. "ನುಂಗಿದವರು ಎದ್ದು ಬರ್ರಿ. ಅರಗಿಸೂ ಜವಾಬ್ದಾರಿನೂ ನಂದ ಐತಿ."

ಮೊದಲು ನಗು ಬಂತು, ನಗುವಿನ ಹಿಂದೆ ಮಂದಿ ಬಂದರು. ಕೆಲವರು ಕೈಯಲ್ಲಿ ಹೋಳಿಗೆ ಹಿಡಿದೇ ಬಂದರು. ಮದುಮಗಳು ಕೆಳಗಿಳಿದಳು, ಅವಳ ಸೋದರತ್ತೆಯರು ಲಲಿತಾ ಹೊಲಿದ ಕುಪ್ಪಸದ ಹೊಲಿಗೆಯನ್ನು ಬಲವಾಗಿ ಪರೀಕ್ಷಿಸುವಂತೆ ಕುಣಿದರು. (ಒಂದೂ ಬಿಚ್ಚಲಿಲ್ಲ.) ಅಷ್ಟರಲ್ಲಿ ಒಳಗೆ ಅನ್ನ ಬೆಂದಿತು. ಸಿಟ್ಟು ಇಳಿಯದಿದ್ದ ಶಂಕ್ರಪ್ಪನ ಭುಜಗಳು ಅವನನ್ನು ಕೇಳದೆಯೇ ಡೊಳ್ಳಿಗೆ ಕುಣಿಯತೊಡಗಿದ್ದವು.

ಯಾರೋ ಅದನ್ನು ವಿಡಿಯೋ ಮಾಡಿ ಹರಿಬಿಟ್ಟರು. ಮರುದಿನದಿಂದ ನಿಂಗರಾಜನ ಫೋನಿಗೆ ಬಿಡುವಿಲ್ಲ. ಗುಳೇದಗುಡ್ಡ, ಐಹೊಳೆ, ಬಾದಾಮಿ, ಎಲ್ಲ ಕಡೆಯಿಂದ ಒಂದೇ ಮಾತು: ನುಂಗು ಅವರು ಅದಾರೇನ್ರಿ?

ಹೆಸರು ಬಂದಿತ್ತು, ಆದರೆ ಅದು ತನ್ನದಲ್ಲವಲ್ಲ ಎಂದು ನಿಂಗರಾಜ ಮುಬಶೀರಾಳ ಮೊದಲಿನ ಗುಂಡು ಅಕ್ಷರದ 'ನಿಂಗು' ಬ್ಯಾನರ್ ಮಾಡಿಸಿ, ಟೆಂಪೋ ಮೇಲಿನ ಲೋಗೋ ಒರೆಸಿ ಹಾಕಿ ಅಲ್ಲಿ ಅದನ್ನು ಕಟ್ಟಿಕೊಂಡು ಬಾದಾಮಿಗೆ ಹೋದ. ಲಗ್ನದ ಮನೆಯ ಹಿರಿಯರು, ನಿವೃತ್ತ ಮಾಸ್ತರ ಪಂಢರೀನಾಥರು, ಗೇಟಿನಲ್ಲೇ ಟೆಂಪೋ ತಡೆದರು. ಚಾಳೀಸು ಏರಿಸಿ ಬ್ಯಾನರ್ ಓದಿ, ಒಂದಕ್ಷರ ತಿದ್ದಿ ದೊಡ್ಡವರ ಹೆಸರು ಕದಿಯುವುದು ಸಭ್ಯರ ಲಕ್ಷಣವಲ್ಲ, ನಾವು ಕರೆದದ್ದು ಅಸಲಿ ನುಂಗು ಎಂದರು. ಆಧಾರ್ ಕಾರ್ಡ್ ತೋರಿಸಿದ. ಅದರಲ್ಲಿ ನಿಂಗರಾಜ ಎಂದಿದ್ದದ್ದು ಅವರ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ಕಡೆಗೆ ಸೀಟಿನ ಕೆಳಗಿದ್ದ ಹಳೆ ಬ್ಯಾನರ್ ತೆಗೆದು ಬಿಚ್ಚಿದ ಮೇಲೆಯೇ ಗೇಟು ತೆರೆದದ್ದು. ಅಲ್ಲಿಂದಲೇ ಮುಬಶೀರಾಳಿಗೆ ಫೋನ್ ಮಾಡಿ, ಕೊಂಬಿಗೆ ಇನ್ನೊಂದು ಸುತ್ತು ಹಾಕಲು ಹೇಳಿದ.

ಮುಂದಿನ ತಿಂಗಳು ಗುಳೇದಗುಡ್ಡದಲ್ಲಿ, ಲಲಿತಾಳ ತವರಿನ ಬಳಗದ ಲಗ್ನ. ಗೋಡೆಗೆ ಬಿಗಿದ ಲೋಗೋ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳಲು ಮಂದಿ ಪಾಳಿ ಹಚ್ಚಿದ್ದರು. ಮಾವ ಮುತ್ತಪ್ಪನವರು ಅಳಿಯನ ಭುಜದ ಮೇಲೆ ಕೈಯಿಟ್ಟು ಎಲ್ಲರಿಗೂ ತೋರಿಸಿದರು. ನಿಂಗರಾಜನ ಎದೆ ಸ್ಪೀಕರಿನಷ್ಟು ಅಗಲವಾಗಿತ್ತು.

ಅದೇ ಹೊತ್ತಿಗೆ ಲಲಿತಾ ಮಂದಿಯನ್ನು ಸರಿಸಿಕೊಂಡು ಬಂದಳು. ಗಂಡನ ಹೆಸರು ಹಿಡಿದು ಕರೆಯಬಾರದೆಂದು ಸತ್ಯವ್ವ ಕಲಿಸಿದ್ದಳು. ಮದುವೆಯಾದ ದಿನದಿಂದ 'ರೀ', 'ಇಲ್ನೋಡ್ರಿ'ಗಳಲ್ಲೇ ಸಂಸಾರ ನಡೆಸಿದ ಹೆಣ್ಣು. ಸೊಂಟದ ಮೇಲೆ ಕೈಯಿಟ್ಟು, ತವರಿನ ಸಮಸ್ತರೂ ಕೇಳುವಂತೆ ಕೂಗಿದಳು.

"ಏ ನುಂಗೂ, ಸೌಂಡ್ ಸಣ್ಣದು ಮಾಡು. ನಮ್ಮವ್ವ ಹೇಳೂದು ಕೇಳಸವಲ್ತು."

ನಿಂಗರಾಜ ದಿಕ್ಕುತಪ್ಪಿ ನ್ಯಾಯಕ್ಕಾಗಿ, ಲಗ್ನಕ್ಕೆ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ ತಾಯಿಯ ಮುಖ ನೋಡಿದ. ಸತ್ಯವ್ವ ಬಾಯಿಗೆ ಎಲೆ ಹಾಕಿಕೊಂಡು ಒಂದು ಕ್ಷಣ ವಿಚಾರ ಮಾಡಿದಳು.

"ಅದೇನು ಗಂಡನ ಹೆಸರಲ್ಲ ಬಿಡಪಾ," ಎಂದಳು. "ಗ್ವಾಡಿ ಮ್ಯಾಲ ಬರದದ್ದು ಓದ್ಯಾಳ."

ನಿಂಗರಾಜ ಸೌಂಡ್ ಸಣ್ಣದು ಮಾಡಿದ.