ಇಲ್ಲ ಅಂತ ಬಂದ ಕಾಗದ

ನನ್ನ ಮೊಮ್ಮಗಳಿಗೆ ಕೆಲಸ ಇಲ್ಲ ಅಂತ ಇವತ್ತು ಬೆಳಿಗ್ಗೆ ಕಾಗದ ಬಂತು. ಇಷ್ಟು ಸಂತೋಷದ ಸುದ್ದಿ ನಮ್ಮ ಮನೆಯಲ್ಲಿ ಕೇಳಿ ವರ್ಷದ ಮೇಲಾಯಿತು. ಕೇಳಿದ ತಕ್ಷಣ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಡಬ್ಬದಲ್ಲಿ ಶ್ಯಾವಿಗೆ ಇದೆಯೋ ಇಲ್ಲವೋ ನೋಡಿ, ಪಕ್ಕದ ಮನೆ ಸೆಲ್ವಿಗೆ ಹೇಳೋಣ ಅಂತ ಚಪ್ಪಲಿಯನ್ನೂ ಹಾಕದೆ ಓಡಿದೆ. ನಲ್ಲಿ ನೀರು ಹಿಡಿಯುತ್ತಿದ್ದ ಸೆಲ್ವಿ ಕೊಡ ಕೆಳಗಿಟ್ಟು, "ಕೆಲಸ ಸಿಕ್ತಾ ಅಮ್ಮಾ ಚೈತ್ರಂಗೆ?" ಅಂದಳು. "ಇಲ್ಲ ಅಂದಿದಾರೆ ಕಣೇ" ಅಂದೆ. ಅವಳು ನನ್ನ ಮುಖ ನೋಡಿ, ಕಾಂಪೌಂಡಿನ ಮೇಲಿಂದ ನನ್ನ ಸೊಸೆಯನ್ನು ಕೂಗಿ, "ಸುಮಕ್ಕಾ, ಅಮ್ಮಂಗೆ ಇವತ್ತು ಬಿಪಿ ಮಾತ್ರೆ ಕೊಟ್ರಾ?" ಅಂತ ಕೇಳಿದಳು.

ಅವಳ ತಪ್ಪಿಲ್ಲ. ಒಂದು ವರ್ಷ ನಮ್ಮ ಮನೆಯಲ್ಲಿ ನಡೆದದ್ದು ಗೊತ್ತಿಲ್ಲದವರಿಗೆ ಈ ಸಂತೋಷ ಅರ್ಥವಾಗುವುದಿಲ್ಲ. ನನ್ನ ಮೊಮ್ಮಗಳು ಚೈತ್ರ ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗಿ, ಕಣ್ಣಿಗೆ ಕಾಣದ ಹುಳಗಳ ಬಗ್ಗೆ ಎರಡು ವರ್ಷ ಓದಿ ಎಮ್ಮೆಸ್ಸಿ ಮಾಡಿದಳು. ಕಣ್ಣಿಗೆ ಕಾಣುವ ಜಿರಲೆ ಬಂದರೆ ಮಂಚ ಹತ್ತಿ ನಿಲ್ಲುತ್ತಾಳೆ, ಅದು ಬೇರೆ ಮಾತು. ಓದು ಮುಗಿದ ಮೇಲೆ ಶಿವಮೊಗ್ಗದಲ್ಲಿರುವ ಲ್ಯಾಬು, ಆಸ್ಪತ್ರೆ, ಹಾಲಿನ ಡೈರಿ, ಉಪ್ಪಿನಕಾಯಿ ಫ್ಯಾಕ್ಟರಿ, ಯಾವುದನ್ನೂ ಬಿಡದೆ ಎಲ್ಲರಿಗೂ ಬರೆಯತೊಡಗಿದಳು. ಅವಳು ಮೇಲ್ ಅಂತಾಳೆ, ನಾನು ಕಾಗದ ಅಂತೀನಿ. ಯಾರೂ ಕೆಲಸ ಖಾಲಿ ಇದೆ ಅಂತ ಬೋರ್ಡು ಹಾಕಿರಲಿಲ್ಲ. "ಕರೀದೇ ಇರೋರ ಮನೆಗೆ ಯಾಕೆ ಹೋಗ್ತೀಯೇ?" ಅಂತ ಕೇಳಿದ್ದಕ್ಕೆ, "ಹಾಗಲ್ಲ ಅಜ್ಜಿ, ನಿಮ್ಮಲ್ಲಿ ಕೆಲಸ ಮಾಡೋಕೆ ನಂಗೆ ಆಸಕ್ತಿ ಇದೆ ಅಂತ ಮೊದಲೇ ತಿಳಿಸಿದ್ರೆ, ಖಾಲಿ ಆದಾಗ ನೆನಪು ಮಾಡ್ಕೊಳ್ತಾರೆ" ಅಂದಳು. ಮಾತು ಸರಿಯಾಗಿಯೇ ಇತ್ತು. ಒಂದೊಂದು ಕಾಗದವನ್ನೂ ಮೂರು ಸಲ ತಿದ್ದಿ, ಆ ಕಂಪನಿಯವರು ಏನು ಮಾಡುತ್ತಾರೆ ಅಂತ ಓದಿ ತಿಳಿದುಕೊಂಡು, ಬೇರೆಬೇರೆಯಾಗಿ ಬರೆದಳು. ನನಗೆ ಓದಿ ಹೇಳುತ್ತಿದ್ದಳು. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ದನಿಯಲ್ಲೇ ಮರ್ಯಾದೆ ಗೊತ್ತಾಗುತ್ತಿತ್ತು.

ಉತ್ತರ ಬರಲಿಲ್ಲ. ಒಬ್ಬರಿಂದಲೂ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ, ಎರಡು ಬಂದವು. ಒಂದು, ಕಳಿಸಿದ ಅರ್ಧ ನಿಮಿಷದಲ್ಲೇ ಬಂತು. ನಿಮ್ಮ ಕಾಗದ ತಲುಪಿದೆ, ದಯವಿಟ್ಟು ಇದಕ್ಕೆ ಉತ್ತರಿಸಬೇಡಿ ಅಂತ. ಬಾಗಿಲು ತೆಗೆದು, ಬಂದವರ ಮುಖ ನೋಡಿ, ಮಾತಾಡಬೇಡಿ ಅಂತ ಹೇಳಿ, ಮತ್ತೆ ಬಾಗಿಲು ಹಾಕಿಕೊಳ್ಳುವವರನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಎರಡನೆಯದು ಒಳ್ಳೆಯ ಉದ್ದದ ಕಾಗದ, ಆದರೆ 'ಪ್ರಿಯ ರಾಕೇಶ್' ಅಂತ ಶುರುವಾಗಿತ್ತು. ರಾಕೇಶ್ ಯಾರ ಮನೆಯ ಮಗನೋ ಗೊತ್ತಿಲ್ಲ. 'ಪ್ರಿಯ ಚೈತ್ರ' ಅಂತ ಬಂದ ಕಾಗದ ಹಿಡಿದುಕೊಂಡು ಅವನ ಅಜ್ಜಿಯೂ ಎಲ್ಲೋ ತಲೆ ಕೆರೆದುಕೊಳ್ಳುತ್ತಿರಬಹುದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕೆಲಸ ಕೇಳಿ ಬಂದವರನ್ನು ಹೇಗೆ ಮಾತಾಡಿಸಬೇಕು ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭದ್ರಾವತಿಯಲ್ಲಿ ಕಾರ್ಖಾನೆ ಹುಡುಗರಿಗೆ ಇಪ್ಪತ್ತು ವರ್ಷ ಮೆಸ್ ನಡೆಸಿದವಳು ನಾನು. ತಮಿಳು ಹುಡುಗರಿಗೆ ರಸಂ ಬೇಕು, ತೆಲುಗು ಹುಡುಗರಿಗೆ ಖಾರ ಬೇಕು, ನಮ್ಮ ಕಡೆಯವರಿಗೆ ಮುದ್ದೆ ಬೇಕು. ಅಷ್ಟೂ ಮಾಡಿ ಹಾಕಲು ನನಗೆ ಮೂರು ಹೆಂಗಸರು ಸಹಾಯಕ್ಕಿದ್ದರು. ನಾಲ್ಕನೆಯವರಿಗೆ ಜಾಗವಿರಲಿಲ್ಲ, ಆದರೆ ವಾರಕ್ಕೊಬ್ಬರಾದರೂ ಕೇಳಿಕೊಂಡು ಬರುತ್ತಿದ್ದರು. ಬಂದವರನ್ನು ಕೂರಿಸಿ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದೆ. "ಈಗ ಇಲ್ಲಮ್ಮ. ಲಲಿತ ಬಾಣಂತನಕ್ಕೆ ಹೋದಾಗ ಬೇಕಾಗುತ್ತೆ, ಆಗ ಹೇಳಿ ಕಳಿಸ್ತೀನಿ" ಅನ್ನುತ್ತಿದ್ದೆ. ಅವರ ಹೆಸರನ್ನು ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದೆ. ಜಾಗ ಖಾಲಿಯಾದರೆ ಮೇಲಿನ ಹೆಸರಿನವಳಿಗೇ ಮೊದಲು ಹೇಳಿ ಕಳಿಸುತ್ತಿದ್ದೆ. ಇದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ.

ಉತ್ತರ ಕೊಟ್ಟು ನನಗೆ ನಷ್ಟವೂ ಆಗಿದೆ, ಅದನ್ನೂ ಹೇಳಿಬಿಡುತ್ತೇನೆ. ರಂಗಮ್ಮ ಅನ್ನುವವಳು ಕೇಳಿಕೊಂಡು ಬಂದಾಗ, ಒಂದು ಚಪಾತಿ ಲಟ್ಟಿಸಿ ತೋರಿಸು ಅಂದೆ. ಲಟ್ಟಿಸಿದಳು. "ಇದು ಚಪಾತಿ ಅಲ್ಲ ಮಾರಾಯ್ತಿ, ಕರ್ನಾಟಕದ ನಕ್ಷೆ. ದುಂಡಗೆ ಲಟ್ಟಿಸೋದು ಕಲಿತು ಬಾ" ಅಂತ ಮುಖದ ಮೇಲೇ ಹೇಳಿದೆ. ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಆರು ತಿಂಗಳಲ್ಲಿ ಕಲಿತೂ ಬಿಟ್ಟಳು. ಕಲಿತವಳು ಹಿಂದಿನ ರಸ್ತೆಯಲ್ಲಿ ಸ್ವಂತ ಮೆಸ್ ಹಾಕಿ, ನನ್ನ ಹುಡುಗರಲ್ಲಿ ಆರು ಜನರನ್ನು ಎಳೆದುಕೊಂಡು ಹೋದಳು. ಆದರೂ ನನಗೆ ಅವಳ ಮೇಲೆ ಕೋಪವಿಲ್ಲ. ಚೆನ್ನಾಗಿ ಲಟ್ಟಿಸುತ್ತಿದ್ದಳು.

ಹೆಣ್ಣು ನೋಡಲು ಬರುವವರೂ ಉತ್ತರ ಕೊಡದ ಈ ಆಫೀಸಿನವರಿಗಿಂತ ವಾಸಿ. ಉಪ್ಪಿಟ್ಟು, ಕೇಸರಿಬಾತು ತಿಂದು, ಹಾಡು ಹೇಳಿಸಿ, ಮನೆಗೆ ಹೋಗಿ, ವಾರದೊಳಗೆ 'ಜಾತಕ ಕೂಡಲಿಲ್ಲ' ಅಂತ ಹೇಳಿ ಕಳಿಸುತ್ತಾರೆ. ಜಾತಕವನ್ನು ಅವರು ತೆಗೆದೂ ನೋಡಿರುವುದಿಲ್ಲ ಅಂತ ನಮಗೂ ಗೊತ್ತು, ನಮಗೆ ಗೊತ್ತು ಅಂತ ಅವರಿಗೂ ಗೊತ್ತು. ಆದರೂ ಆ ಸುಳ್ಳಿನಲ್ಲಿ ಒಂದು ಉಪಕಾರವಿದೆ. ಹುಡುಗಿ ಮಾರನೆಯ ದಿನದಿಂದ ಬಾಗಿಲ ಕಡೆ ನೋಡುವುದು ಬಿಡುತ್ತಾಳೆ. ಈ ಕಂಪನಿಗಳವರಿಗೆ ಒಂದು ಸುಳ್ಳು ಹೇಳುವಷ್ಟೂ ಪುರುಸೊತ್ತಿಲ್ಲವೇ?

ನಮ್ಮ ಚೈತ್ರ ಫೋನಿನ ಕಡೆ ನೋಡುವುದು ಬಿಡಲಿಲ್ಲ. ಮೊದಮೊದಲು ಟಿಣ್ ಅಂದರೆ ಓಡಿ ಬರುತ್ತಿದ್ದಳು. ಆಮೇಲಾಮೇಲೆ ಟಿಣ್ ಅಂದರೂ ಬರುತ್ತಿರಲಿಲ್ಲ, ಫೋನನ್ನು ಬೋರಲು ಹಾಕಿ ಇಡುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಲೂ ಬಿಡುತ್ತಿರಲಿಲ್ಲ. ಒಂದು ದಿನ ಬೀನ್ಸ್ ಸೋಸುತ್ತ, "ಅಜ್ಜಿ, ನನ್ನ ಕಾಗದ ಯಾರೂ ಓದೋದೇ ಇಲ್ಲ ಅನ್ಸುತ್ತೆ. ಇನ್ನು ಬರೆಯಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡೀಲಿ ಕೌಂಟರಿಗೆ ಹುಡುಗಿ ಬೇಕಂತೆ, ಹೋಗ್ತೀನಿ" ಅಂದಳು. ಕೌಂಟರಿನಲ್ಲಿ ಕೂರುವುದು ಕೀಳು ಅಂತಲ್ಲ. ಆದರೆ ಅವಳು ಅದನ್ನು ಹೇಳಿದ ರೀತಿಗೆ ನಾನು ಬೀನ್ಸ್ ಪಕ್ಕಕ್ಕೆ ತಳ್ಳಿ ಎದ್ದುಬಿಟ್ಟೆ.

ಮಾರನೆಯ ದಿನ ಯಾರಿಗೂ ಹೇಳದೆ ಶಿವಮೊಗ್ಗದ ಬಸ್ಸು ಹತ್ತಿದೆ. ಅವಳು ಬರೆದಿದ್ದ ಒಂದು ದೊಡ್ಡ ಆಫೀಸಿಗೆ ನೇರವಾಗಿ ಹೋದೆ. ಹೆಸರು ಹೇಳುವುದಿಲ್ಲ, ಮರ್ಯಾದೆ ಅವರಿಗಿಲ್ಲದಿದ್ದರೂ ನನಗಿದೆ. ಗಾಜಿನ ಬಾಗಿಲು, ಒಳಗೆ ಜಾತ್ರೆಗೆ ಹೊರಟವಳಂತೆ ಅಲಂಕಾರ ಮಾಡಿಕೊಂಡ ಒಬ್ಬ ಹುಡುಗಿ.

"ಯಾರನ್ನ ನೋಡಬೇಕು ಅಜ್ಜಿ?"

"ಯಾರನ್ನೂ ನೋಡಬೇಕಾಗಿಲ್ಲಮ್ಮ. ನನ್ನ ಮೊಮ್ಮಗಳು ಎರಡು ತಿಂಗಳ ಹಿಂದೆ ಕಾಗದ ಬರೆದಿದ್ದಾಳೆ. ಇದೆಯೋ ಇಲ್ಲವೋ ಹೇಳಿದ್ರೆ ಸಾಕು, ನಾಲ್ಕು ಗಂಟೆ ಬಸ್ಸಿಗೆ ಹೋಗ್ತೀನಿ."

"ಉತ್ತರ ಬಂದಿಲ್ವಾ? ಹಾಗಾದ್ರೆ ಇಲ್ಲ ಅಂತಾನೇ ಅರ್ಥ ಅಜ್ಜಿ."

"ನಿನಗೆ ಮದುವೆ ಆಗಿದೆಯಾ?"

"ಹೂಂ."

"ಸಂಜೆ ಮನೆಗೆ ಹೋದಾಗ ನಿನ್ನ ಗಂಡ ಕಾಫಿ ಕುಡೀತೀಯಾ ಅಂತ ಕೇಳಿದ್ರೆ, ಎರಡು ತಿಂಗಳು ಸುಮ್ನಿರ್ತೀಯಾ?"

"ಅವರು ಕೇಳಿದ್ರೆ ತಾನೇ" ಅಂದಳು ಆ ಹುಡುಗಿ. ನಕ್ಕುಬಿಟ್ಟಳು. ಪಾಪ, ಒಳ್ಳೆಯ ಹುಡುಗಿ. ಮೆಲ್ಲಗೆ ನನ್ನ ಕಡೆ ಬಾಗಿ, "ಅಜ್ಜಿ, ಆ ಕಾಗದಗಳೆಲ್ಲ ಬರೋ ಡಬ್ಬಿಯ ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿದಾರೆ. ಅದನ್ನ ಯಾರೂ ತೆಗೆದೇ ಇಲ್ಲ" ಅಂದಳು.

ನೋಡಿ, ಇದು ಕಥೆ. ಬಾಗಿಲಿಗೆ ಬೀಗ ಹಾಕಿಕೊಂಡು ಕೀಲಿಕೈ ಕಳೆದುಕೊಂಡವರಿಗೆ ನನ್ನ ಮೊಮ್ಮಗಳು ಮೂರು ಸಲ ತಿದ್ದಿ ಬರೆದಿದ್ದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಇಡೀ ದಾರಿ ನನ್ನಷ್ಟಕ್ಕೆ ನಾನೇ ಬೈದುಕೊಳ್ಳುತ್ತಿದ್ದೆ. ಕಂಡಕ್ಟರ್ ಟಿಕೆಟ್ ಕೇಳಲು ಹೆದರಿ ಮುಂದೆ ಹೋಗಿ, ಮತ್ತೆ ವಾಪಸ್ ಬಂದ. ಮನೆಗೆ ಬಂದವಳು ಚೈತ್ರಳನ್ನು ಕೂರಿಸಿ, "ಇನ್ನೊಂದೇ ಒಂದು ಬರಿ. ನನಗೋಸ್ಕರ" ಅಂದೆ. ಒಲ್ಲದ ಮನಸ್ಸಿನಲ್ಲಿ ಬರೆದಳು. ಶಿವಮೊಗ್ಗದಲ್ಲಿ ಬಾವಿ ನೀರು, ಬೋರ್‌ವೆಲ್ ನೀರು ಪರೀಕ್ಷೆ ಮಾಡುವ ಒಂದು ಚಿಕ್ಕ ಲ್ಯಾಬಿಗೆ.

ಅವರದೇ ಇವತ್ತಿನ ಕಾಗದ. ಬರೆದ ಮೂರನೇ ದಿನಕ್ಕೆ, ಲ್ಯಾಬಿನ ಮೇಡಂ ಸ್ವತಃ ಕನ್ನಡದಲ್ಲಿ ಬರೆದಿದ್ದಾರೆ. ಚೈತ್ರ ಓದಿದಳು: "ಪ್ರಿಯ ಚೈತ್ರ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಮ್ಮದು ನಾಲ್ಕೇ ಜನರ ಲ್ಯಾಬು, ಈಗ ಕೆಲಸ ಖಾಲಿ ಇಲ್ಲ. ಸುಮ್ಮನೆ ಆಸೆ ಹುಟ್ಟಿಸುವುದಿಲ್ಲ. ಆದರೆ ನೀವು ಓದುವಾಗ ಹಳ್ಳಿಯ ಬಾವಿ ನೀರಿನ ಮೇಲೆ ಮಾಡಿದ ಕೆಲಸ ಚೆನ್ನಾಗಿದೆ..." ಅಷ್ಟು ಓದಿ, ಮುಂದೆ ಹೋಗದೆ ಆ ಸಾಲನ್ನೇ ಇನ್ನೊಂದು ಸಲ ಓದಿದಳು. ನಾನು ಫೋನು ಕಸಿದುಕೊಂಡು ಸೆಲ್ವಿ ಮನೆಗೆ ಓಡಿದೆ. ಸೆಲ್ವಿ ಆದ ಮೇಲೆ ಹಾಲಿನವನು, ಆಮೇಲೆ ರೇಷನ್ ಅಂಗಡಿ, ಆಮೇಲೆ ಹಿಂದಿನ ರಸ್ತೆಯ ರಂಗಮ್ಮ. ಎಲ್ಲರಿಗೂ ತೋರಿಸಿ, ಕೆಲಸ ಕೊಡುವವರು ಹೀಗಿರಬೇಕು, ಹೆಸರು ಹಿಡಿದು ಕರೆಯಬೇಕು, ಓದಿದ್ದೇನೆ ಅನ್ನಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು, ಅದೂ ಬೇಗ ಅನ್ನಬೇಕು ಅಂತ ಭಾಷಣ ಮಾಡಿದೆ. ರಂಗಮ್ಮ, "ನೀವು ನಂಗೆ ಮುಖಕ್ಕೆ ಹೇಳಿದ ಹಾಗೆ ಅನ್ನಿ" ಅಂತ ಚುಚ್ಚಿದಳು. ಚುಚ್ಚಲಿ. ಚೈತ್ರ ಮಾತ್ರ ಮಧ್ಯಾಹ್ನ ತಾನಾಗಿಯೇ ಎಣ್ಣೆ ಬಟ್ಟಲು ಹಿಡಿದು ನನ್ನ ಮುಂದೆ ಬಂದು ಕೂತಳು.

ಸಂಜೆ ನನ್ನ ಮಗ ಮಂಜ ಮೋಟಾರ್ ವೈಂಡಿಂಗ್ ಅಂಗಡಿ ಬೇಗ ಮುಚ್ಚಿಕೊಂಡು ಬಂದ. ಹುರುಳಿಕಾಳು ಸಾರು, ಹೀರೇಕಾಯಿ ಬಜ್ಜಿ, ಶ್ಯಾವಿಗೆ ಪಾಯಸ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಮಂಜ, "ಎಲ್ಲಿ, ಪೂರ್ತಿ ಓದು ಕೇಳೋಣ" ಅಂದ. ಫೋನು ನನ್ನ ಸೊಂಟದಲ್ಲೇ ಇತ್ತು, ಕೊಟ್ಟೆ. ಸುಮಾ ಎಡಗೈಯಲ್ಲಿ ಹಿಡಿದು ಓದುತ್ತ ಹೋಗಿ, ಕೊನೆಯಲ್ಲಿ ನಿಧಾನ ಮಾಡಿದಳು: "ಮಳೆಗಾಲದಲ್ಲಿ ನಮಗೆ ಪರೀಕ್ಷೆಗಳು ಜಾಸ್ತಿ, ಆಗ ಒಬ್ಬರು ಬೇಕಾಗಬಹುದು. ಬುಧವಾರ ಬೆಳಿಗ್ಗೆ ಬಂದು ನಮ್ಮ ಲ್ಯಾಬು ನೋಡಿ ಹೋಗುತ್ತೀರಾ? ಬರುವುದಾದರೂ ಸರಿ, ಬಾರದಿದ್ದರೂ ಸರಿ, ಇವತ್ತೇ ಒಂದು ಸಾಲು ಬರೆದು ತಿಳಿಸಿ."

"ತಿಳಿಸಿದ್ಯಾ?" ಅಂದ ಮಂಜ.

"ಹೇಗಪ್ಪ ತಿಳಿಸಲಿ? ಬೆಳಿಗ್ಗೆಯಿಂದ ಫೋನು ಅಜ್ಜಿ ಹತ್ರ ಇತ್ತು" ಅಂದಳು ಚೈತ್ರ.

ಪಾಯಸ ಬಡಿಸಲು ಸೌಟು ಎತ್ತಿದ್ದೆ. ಬಿಸಿ ಬಿಸಿ ಇದೆ, ಆರಿದರೆ ಶ್ಯಾವಿಗೆ ಗಟ್ಟಿಯಾಗುತ್ತದೆ. "ಮೊದಲು ಊಟ ಮಾಡೇ. ಒಂದು ಸಾಲು ತಾನೇ, ನಾಳೆ ಬೆಳಿಗ್ಗೆ ನಿಧಾನಕ್ಕೆ ಬರೆದ್ರಾಯ್ತು ಬಿಡು" ಅಂದೆ.

ಮೂರು ಜನರ ಕೈಯೂ ಬಾಯಿಯ ಹತ್ತಿರ ನಿಂತುಬಿಟ್ಟಿತು. ಮೂವರೂ ನನ್ನನ್ನೇ ನೋಡಿದರು. ನಾನು ಸೌಟು ಕೆಳಗಿಟ್ಟೆ. ಚೈತ್ರ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತತೊಡಗಿದಳು, ಸುಮಾ ಪಕ್ಕದಿಂದ ಹೇಳಿಕೊಡುತ್ತಿದ್ದಳು, ಮಂಜ ಎರಡು ಸಲ ತಿದ್ದಿಸಿದ. ಕಳಿಸಿ ಆಗುವವರೆಗೆ ನಾನು ತಲೆ ತಗ್ಗಿಸಿ ಸಾರಿನಲ್ಲಿ ಅನ್ನ ಕಲಸುತ್ತ ಕೂತಿದ್ದೆ. ಆಮೇಲೆ ಎಲ್ಲರಿಗೂ ಪಾಯಸ ಬಡಿಸಿದೆ. ಗಟ್ಟಿಯಾಗಿತ್ತು. ಆದರೂ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು.